ಜೊಟೆರೊ ಪರದೆಯನ್ನು ಶಾಸನ ಅಧ್ಯಯನಕ್ಕೆ ಹೊಂದಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಗದಗ ಕಡೆಯವಳು. ಗದಗ ಪರಿಸರದ ಶಾಸನಗಳ ಮೇಲೆ ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮಾರ್ಗದರ್ಶಕರ ಸಲಹೆಯಂತೆ ಪುಸ್ತಕ, ಲೇಖನ, ಶಾಸನ ಸಂಪುಟಗಳ ಪಿಡಿಎಫ್‌ಗಳನ್ನೆಲ್ಲ ಜೊಟೆರೊ ಎಂಬ, ಆಕರಗಳನ್ನು ಜೋಡಿಸಿಟ್ಟು ಉಲ್ಲೇಖಿಸಲು ನೆರವಾಗುವ ತಂತ್ರಾಂಶಕ್ಕೆ ಸೇರಿಸಿದ್ದೇನೆ. ನನ್ನದು 14 ಇಂಚಿನ ಲ್ಯಾಪ್‌ಟಾಪ್. ತೆರೆದ ಕೂಡಲೇ ಎಡಕ್ಕೂ ಬಲಕ್ಕೂ ಏನೇನೋ ತುಂಬಿಕೊಂಡಿರುತ್ತದೆ, ಓದಲು ಉಳಿಯುವ ಜಾಗ ಅಂಗೈಯಗಲ. ಪಟ್ಟಿಯಲ್ಲಿ ಲೇಖಕರೆಲ್ಲ ಬರೀ ‘ಪಾಟೀಲ’, ‘ಹಿರೇಮಠ’ ಎಂದು ಕಾಣುತ್ತಾರೆ, ಯಾರು ಯಾರೆಂದು ತಿಳಿಯುವುದಿಲ್ಲ. ಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲೂ ಆಗುತ್ತಿಲ್ಲ. ಪರದೆಯ ವಿನ್ಯಾಸವನ್ನು ನನಗೆ ಬೇಕಾದಂತೆ ಬದಲಿಸಿಕೊಳ್ಳುವುದು ಹೇಗೆ?

ಉತ್ತರ: ನೀವು ಕೇಳಿದ ಮೂರು ತೊಂದರೆಗಳ ಬೇರುಗಳು ಬೇರೆ ಬೇರೆ ಕಡೆ ಇವೆ. ಜಾಗ ಸಾಲದಿರುವುದು ಮಾತ್ರ ಪರದೆಯ ವಿನ್ಯಾಸಕ್ಕೆ ಸೇರಿದ್ದು, ಅದನ್ನು ಹತ್ತು ನಿಮಿಷದಲ್ಲಿ ಸರಿಪಡಿಸಿಕೊಳ್ಳಬಹುದು. ಲೇಖಕರ ಹೆಸರಿನ ಗೊಂದಲವೂ ಕಾಲಾನುಕ್ರಮದ ತೊಡಕೂ ನೀವು ಮಾಹಿತಿ ತುಂಬಿದ ರೀತಿಯಿಂದ ಹುಟ್ಟಿದವು. ಅವಕ್ಕೆ ಕೆಲವು ಸಂಜೆಗಳನ್ನು ಕೊಡಬೇಕಾಗುತ್ತದೆ. ಹೆಚ್ಚಿನ ವಿದ್ಯಾರ್ಥಿಗಳು ಫಲಕಗಳನ್ನು ಅತ್ತಿತ್ತ ಎಳೆದು ನೋಡಿ, ಏನೂ ಸರಿಹೋಗಲಿಲ್ಲವೆಂದು ತಂತ್ರಾಂಶವನ್ನೇ ಕೈಬಿಡುತ್ತಾರೆ. ಪಟ್ಟಿಯ ಕಾಲಂಗಳಲ್ಲಿ ಕಾಣುವುದು ನಾವು ಒಳಗೆ ತುಂಬಿದ್ದು ಮಾತ್ರ. ಆದ್ದರಿಂದ ನನ್ನ ಉತ್ತರದ ಹೆಚ್ಚು ಪಾಲು ತುಂಬುವ ಕ್ರಮದ ಬಗ್ಗೆಯೇ ಇರುತ್ತದೆ.

ಮೊದಲು ಜಾಗದ ವಿಷಯ. ನಿಮ್ಮಲ್ಲಿ 7ನೇ ಅಥವಾ ನಂತರದ ಆವೃತ್ತಿ ಇದೆ ಎಂದುಕೊಂಡು ಹೇಳುತ್ತಿದ್ದೇನೆ. 2024ರ ಆಗಸ್ಟ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ಪರದೆಯ ರೂಪವೇ ಬದಲಾಯಿತು. ಹಳೆಯದು ಇದ್ದರೆ ಮೊದಲು ಅದನ್ನು ನವೀಕರಿಸಿ, ಅದು ಉಚಿತ. ‘ವ್ಯೂ’ ಮೆನುವಿನಲ್ಲಿ ‘ಲೇಔಟ್’ ಎಂಬ ಸಾಲಿದೆ. ಎಡಗಡೆಯ ಸಂಗ್ರಹಗಳ ಫಲಕ, ಬಲಗಡೆಯ ವಿವರ ಫಲಕ, ಎಡಕ್ಕೆ ಕೆಳಗಿರುವ ಟ್ಯಾಗ್ ಪೆಟ್ಟಿಗೆ, ಈ ಮೂರನ್ನೂ ಅಲ್ಲಿಂದ ಬೇಕಾದಾಗ ತೆರೆಯಬಹುದು, ಬೇಡವಾದಾಗ ಮುಚ್ಚಬಹುದು. ಟ್ಯಾಗ್ ಪೆಟ್ಟಿಗೆಯನ್ನು ಈಗಲೇ ಮುಚ್ಚಿಬಿಡಿ. ಲೇಖನಗಳನ್ನು ಜಾಲದಿಂದ ಸೇರಿಸುವಾಗ ಪ್ರಕಾಶಕರು ಅಂಟಿಸಿದ ಟ್ಯಾಗ್‌ಗಳೂ ಜೊತೆಗೆ ಬಂದು ಅಲ್ಲಿ ತುಂಬಿಕೊಂಡಿರುತ್ತವೆ. ನಿಮ್ಮದೇ ಟ್ಯಾಗ್‌ಗಳು ಒಂದು ಹದಕ್ಕೆ ಬರುವವರೆಗೆ ಆ ಪೆಟ್ಟಿಗೆಯಿಂದ ಉಪಯೋಗವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹಾಗೆ ತಾನಾಗಿ ಬರುವ ಟ್ಯಾಗ್‌ಗಳನ್ನು ತಡೆಯುವ ಆಯ್ಕೆಯೂ ಇದೆ.

ಅದೇ ಮೆನುವಿನಲ್ಲಿ ‘ಸ್ಟ್ಯಾಂಡರ್ಡ್’, ‘ಸ್ಟ್ಯಾಕ್ಡ್’ ಎಂಬ ಎರಡು ಆಯ್ಕೆಗಳು ಸಿಗುತ್ತವೆ. ಎರಡನೆಯದರಲ್ಲಿ ವಿವರ ಫಲಕ ಬಲಗಡೆಯಿಂದ ಪಟ್ಟಿಯ ಕೆಳಕ್ಕೆ ಇಳಿಯುತ್ತದೆ, ಪಟ್ಟಿಗೆ ಪೂರ್ತಿ ಅಗಲ ಸಿಗುತ್ತದೆ. ದೊಡ್ಡ ಪರದೆಯಲ್ಲಿ ಅದು ಚೆನ್ನ. 14 ಇಂಚಿನ ಲ್ಯಾಪ್‌ಟಾಪ್‌ಗಳಲ್ಲಿ ಅಗಲಕ್ಕಿಂತ ಎತ್ತರದ ಕೊರತೆಯೇ ಹೆಚ್ಚು. ನಾಲ್ಕೈದು ಸಾಲಿನ ಪಟ್ಟಿ, ಅದರ ಕೆಳಗೆ ಇಣುಕುವ ವಿವರ, ಹೀಗಾಗಿ ಎರಡೂ ಕೆಲಸಕ್ಕೆ ಬರುವುದಿಲ್ಲ. ನೀವು ‘ಸ್ಟ್ಯಾಂಡರ್ಡ್’ನಲ್ಲೇ ಇರಿ, ಬೇಡವಾದಾಗ ಬಲಫಲಕವನ್ನು ಮುಚ್ಚಿ.

ಸಾಲುಗಳ ನಡುವಿನ ಅಂತರಕ್ಕೆ ‘ಡೆನ್ಸಿಟಿ’ ಎಂಬ ಆಯ್ಕೆ ಇದೆ. ಇಕ್ಕಟ್ಟಾಗಿಸಿದರೆ ಹೆಚ್ಚು ಸಾಲು ಕಾಣುತ್ತವೆ ಎಂಬ ಆಸೆಗೆ ಬೀಳಬೇಡಿ. ಇಂಗ್ಲಿಷ್ ಪಟ್ಟಿಗೆ ಅದು ನಡೆಯುತ್ತದೆ. ಕನ್ನಡದ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಉಸಿರಾಡಲು ಜಾಗ ಬೇಕು. ಇಕ್ಕಟ್ಟಿನಲ್ಲಿ ‘ಶಾಸ್ತ್ರ’, ‘ಕೃಷ್ಣ’ಗಳ ಒತ್ತು ಕೆಳಗಿನ ಸಾಲಿನ ತಲೆಗೆ ತಾಗಿದಂತೆ ಕಂಡು, ಸಂಜೆಯ ಹೊತ್ತಿಗೆ ಕಣ್ಣು ಸೋಲುತ್ತದೆ. ‘ಕಂಫರ್ಟಬಲ್’ ಇಟ್ಟುಕೊಳ್ಳಿ. ಟಿಪ್ಪಣಿಯ ಅಕ್ಷರದ ಗಾತ್ರವನ್ನು ಪಟ್ಟಿಯ ಗಾತ್ರದಿಂದ ಬೇರೆಯಾಗಿ ಇಟ್ಟುಕೊಳ್ಳಲು ‘ವ್ಯೂ’ ಮೆನುವಿನಲ್ಲೇ ಅವಕಾಶವಿದೆ. ಶಾಸನಪಾಠವನ್ನು ಟಿಪ್ಪಣಿಯಲ್ಲಿ ಬರೆದುಕೊಳ್ಳುವವರು ಅದನ್ನು ಒಂದೆರಡು ಹಂತ ಹಿಗ್ಗಿಸಿಕೊಳ್ಳುವುದು ಒಳ್ಳೆಯದು. ಹಳಗನ್ನಡದ ಱ, ೞ ಅಕ್ಷರಗಳು ಸಣ್ಣ ಗಾತ್ರದಲ್ಲಿ ಬೇರೆ ಅಕ್ಷರಗಳೊಂದಿಗೆ ಸುಲಭವಾಗಿ ಬೆರೆತುಹೋಗುತ್ತವೆ. ಅಲ್ಲಿ ಒಂದು ಅಕ್ಷರ ತಪ್ಪಿದರೆ ಪಾಠವೇ ತಪ್ಪಿತು.

ಧರ್ಮಗ್ರಂಥಗಳ ಅಧ್ಯಯನಕ್ಕೆಂದು ರೂಪಿಸಿದ ಲೋಗೋಸ್‌ನಂಥ ತಂತ್ರಾಂಶಗಳಲ್ಲಿ ಒಂದು ವಿನ್ಯಾಸಕ್ಕೆ ಹೆಸರಿಟ್ಟು ಉಳಿಸಿಕೊಂಡು, ಬೇಕಾದಾಗ ಒಂದೇ ಒತ್ತಿಗೆ ಕರೆಯಬಹುದು. ಜೊಟೆರೊದಲ್ಲಿ ಆ ಸೌಕರ್ಯವಿಲ್ಲ. ಹಾಗೆಂದು ಒಂದೇ ವಿನ್ಯಾಸವನ್ನು ದಿನವಿಡೀ ಇಟ್ಟುಕೊಂಡು ಕೂರಬೇಡಿ. ಹೊಸದನ್ನು ಸೇರಿಸಿ ಮಾಹಿತಿ ತುಂಬುವಾಗ ಬಲಫಲಕ ಬೇಕು. ಪಟ್ಟಿಯಲ್ಲಿ ಹುಡುಕುವಾಗ ಅದು ಬೇಡ, ಕಾಲಂಗಳೇ ಬೇಕು. ಓದುವಾಗ ಪುಟವೊಂದು, ಟಿಪ್ಪಣಿಯೊಂದು ಇದ್ದರೆ ಸಾಕು. ಕುಳಿತ ಕೆಲಸ ಯಾವುದೆಂದು ನೋಡಿ ಫಲಕ ಮುಚ್ಚುವ, ತೆರೆಯುವ ರೂಢಿ ಕೈಗೆ ಬಂದರೆ ಚಿಕ್ಕ ಪರದೆಯೂ ಸಾಕಾಗುತ್ತದೆ.

ಈಗ ‘ಪಾಟೀಲ’ರ ವಿಷಯ. ಇದು ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯವರನ್ನು ಹೆಚ್ಚು ಕಾಡುವ ತೊಡಕು. ಜೊಟೆರೊ ಹೆಸರನ್ನು ಎರಡು ಖಾನೆಗಳಲ್ಲಿ ಕೇಳುತ್ತದೆ: ಅಡ್ಡಹೆಸರು ಒಂದರಲ್ಲಿ, ಉಳಿದದ್ದು ಇನ್ನೊಂದರಲ್ಲಿ. ಪಟ್ಟಿಯ ಲೇಖಕರ ಕಾಲಂನಲ್ಲಿ ಅಡ್ಡಹೆಸರನ್ನು ಮಾತ್ರ ತೋರಿಸುತ್ತದೆ. ಹಳೆಯ ಮೈಸೂರು ಕಡೆ ಬಹುಪಾಲು ಹೆಸರುಗಳ ಕೊನೆಗೆ ವ್ಯಕ್ತಿಯ ಹೆಸರೇ ಬರುವುದರಿಂದ ಆ ಕಡೆಯ ಲೇಖಕರು ಹೇಗೋ ಗುರುತು ಸಿಗುತ್ತಾರೆ. ನಮ್ಮಲ್ಲಿ ಪಾಟೀಲ, ದೇಸಾಯಿ, ಕುಲಕರ್ಣಿ, ಹಿರೇಮಠ, ಜೋಶಿ ಎಂದು ಊರು ತುಂಬ ಒಂದೇ ಅಡ್ಡಹೆಸರು. ಇತಿಹಾಸ, ಶಾಸನ, ವಚನ ಈ ಕ್ಷೇತ್ರಗಳಲ್ಲಿ ಬರೆದವರಲ್ಲಿಯೂ ಅದೇ ಅಡ್ಡಹೆಸರಿನವರು ಎಷ್ಟೋ ಮಂದಿ. ಪಟ್ಟಿಯಲ್ಲಿ ‘ಹಿರೇಮಠ’ ಎಂಬ ಸಾಲುಗಳು ಒಂದರ ಕೆಳಗೊಂದು ನಿಂತರೆ ಸಂಶೋಧಕರಿಗೆ ಅದರಿಂದ ತಿಳಿಯುವುದೇನೂ ಇಲ್ಲ.

ಇದಕ್ಕೆ ದಾರಿ ಇದೆ. ವಿವರ ಫಲಕದಲ್ಲಿ ಲೇಖಕರ ಸಾಲಿನ ಮೇಲೆ ಮೌಸ್ ಇಟ್ಟರೆ ಬಲತುದಿಯಲ್ಲಿ ಒಂದು ಚಿಕ್ಕ ಗುರುತು ಕಾಣುತ್ತದೆ. ಅದನ್ನು ಒತ್ತಿದರೆ ಎರಡು ಖಾನೆಗಳು ಸೇರಿ ಒಂದಾಗುತ್ತವೆ. ಕನ್ನಡ ಪುಸ್ತಕಗಳ ಲೇಖಕರನ್ನೆಲ್ಲ ಆ ಒಂದೇ ಖಾನೆಯಲ್ಲಿ, ಅಡ್ಡಹೆಸರು ಮೊದಲು, ಇನಿಷಿಯಲ್ ಅನಂತರ ಬರುವಂತೆ ಬರೆಯಿರಿ. ನಮ್ಮ ಪ್ರಬಂಧಗಳ ಗ್ರಂಥಸೂಚಿಯಲ್ಲಿ ಹೆಸರು ಬರುವುದೂ ಹಾಗೆಯೇ. ಇಷ್ಟು ಮಾಡಿದರೆ ಪಟ್ಟಿಯಲ್ಲಿ ಪೂರ್ತಿ ಹೆಸರು ಕಾಣುತ್ತದೆ, ಅಡ್ಡಹೆಸರಿನ ಅಕಾರಾದಿಯೂ ಕೆಡುವುದಿಲ್ಲ.

ಇದಕ್ಕೊಂದು ಬೆಲೆಯೂ ಇದೆ, ಅದನ್ನು ತಿಳಿದೇ ಮಾಡಿ. ಒಂದೇ ಖಾನೆಯಲ್ಲಿ ಬರೆದ ಹೆಸರನ್ನು ಉಲ್ಲೇಖ ಶೈಲಿ (ಅಡಿಟಿಪ್ಪಣಿ, ಗ್ರಂಥಸೂಚಿಗಳನ್ನು ಅಣಿಗೊಳಿಸುವ ಸಿದ್ಧ ಮಾದರಿ) ಒಡೆಯುವುದಿಲ್ಲ, ಇದ್ದದ್ದನ್ನು ಇದ್ದಂತೆ ಮುದ್ರಿಸುತ್ತದೆ. ಕಂಸದಲ್ಲಿ ಅಡ್ಡಹೆಸರು ಮತ್ತು ವರ್ಷ ಮಾತ್ರ ಬರಬೇಕಾದ ಶೈಲಿಗಳಲ್ಲಿ ಇನಿಷಿಯಲ್‌ಗಳೂ ಬಂದುಬಿಡುತ್ತವೆ. ಕನ್ನಡದಲ್ಲಿ ಅಡಿಟಿಪ್ಪಣಿ ಕೊಟ್ಟು ಬರೆಯುವ ಪ್ರಬಂಧಕ್ಕೆ ಇದರಿಂದ ತೊಂದರೆಯಿಲ್ಲ. ಇಂಗ್ಲಿಷ್ ಪುಸ್ತಕಗಳ ಲೇಖಕರನ್ನು ಮಾತ್ರ ಎರಡು ಖಾನೆಗಳಲ್ಲೇ ಬಿಡಿ. ಈಗಾಗಲೇ ಸೇರಿಸಿದ್ದನ್ನು ಒಂದೊಂದಾಗಿ ತಿದ್ದಬೇಕು, ಅದು ಬೇಸರದ ಕೆಲಸವೇ. ಆದರೆ ಒಮ್ಮೆ ಸರಿಯಾಗಿ ಬರೆದ ಹೆಸರನ್ನು ಮುಂದಿನ ಸಲ ಮೊದಲಕ್ಷರ ಒತ್ತುತ್ತಿದ್ದಂತೆ ತಂತ್ರಾಂಶವೇ ಸೂಚಿಸುತ್ತದೆ. ಅದನ್ನೇ ಆರಿಸಿಕೊಳ್ಳಿ, ಕೈಯಿಂದ ಮತ್ತೆ ಬರೆಯಬೇಡಿ. ಚುಕ್ಕಿಯ ನಂತರ ಒಂದು ತೆರಪು ಹೆಚ್ಚಾದರೂ ಅದು ಬೇರೆ ಹೆಸರಾಗಿ ಉಳಿಯುತ್ತದೆ.

ಮೂರನೆಯದಾದ ಕಾಲಾನುಕ್ರಮಕ್ಕೆ ಸ್ವಲ್ಪ ನಿಧಾನವಾಗಿ ಬರೋಣ. ನಿಮ್ಮ ಅಧ್ಯಯನದ ಬೆನ್ನೆಲುಬು ಇದೇ.

ಗದಗ ಸೀಮೆ ಹಿಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯೊಳಗಿತ್ತು. ಆದ್ದರಿಂದ ನಿಮಗೆ ಬೇಕಾದ ಪಾಠಗಳು ಹೆಚ್ಚಾಗಿ ಕೇಂದ್ರ ಸರ್ಕಾರದ ದಕ್ಷಿಣ ಭಾರತ ಶಾಸನ ಮಾಲೆಯಲ್ಲಿ ಮುಂಬಯಿ-ಕರ್ನಾಟಕಕ್ಕೆ ಮೀಸಲಾದ 11, 15, 18 ಮತ್ತು 20ನೇ ಸಂಪುಟಗಳಲ್ಲಿವೆ. ಇಂಥ ಒಂದು ಸಂಪುಟದ ಪಿಡಿಎಫ್ ಸೇರಿಸಿದರೆ ಪಟ್ಟಿಯಲ್ಲಿ ಕಾಣುವುದು ಒಂದೇ ಸಾಲು, ಅದರ ವರ್ಷ ಸಂಪುಟ ಅಚ್ಚಾದ ವರ್ಷ. ಒಳಗಿನ ನೂರಾರು ಶಾಸನಗಳು ತಂತ್ರಾಂಶದ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಿಮಗೆ ಬೇಕಾದ ಪ್ರತಿ ಶಾಸನಕ್ಕೂ ಒಂದೊಂದು ದಾಖಲೆ ಮಾಡಲೇಬೇಕು. ‘ಬುಕ್ ಸೆಕ್ಷನ್’ ಎಂಬ ಬಗೆ ಇದಕ್ಕೆ ಹೊಂದುತ್ತದೆ. ಶೀರ್ಷಿಕೆಯಲ್ಲಿ ಮೊದಲು ಊರು, ನಂತರ ಶಾಸನದ ಗುರುತು. ಪುಸ್ತಕದ ಹೆಸರಿನ ಜಾಗದಲ್ಲಿ ಸಂಪುಟ, ಪುಟದ ಜಾಗದಲ್ಲಿ ಪುಟ, ದಿನಾಂಕದ ಜಾಗದಲ್ಲಿ ಸಂಪುಟ ಪ್ರಕಟವಾದ ವರ್ಷ. ಶಾಸನದ ಕಾಲವನ್ನು ದಿನಾಂಕದ ಖಾನೆಗೆ ಹಾಕುವ ಆಸೆ ಬರುತ್ತದೆ. ಹಾಕಿದರೆ ಅಡಿಟಿಪ್ಪಣಿಯಲ್ಲಿ ಸಂಪುಟವೇ ಹನ್ನೊಂದನೇ ಶತಮಾನದಲ್ಲಿ ಅಚ್ಚಾದಂತೆ ಮುದ್ರಣವಾಗುತ್ತದೆ.

ಹಾಗಾದರೆ ಶಾಸನದ ಕಾಲವನ್ನು ಎಲ್ಲಿ ಬರೆಯುವುದು? ನಾನು ಸೂಚಿಸುವುದು ‘ಕಾಲ್ ನಂಬರ್’ ಖಾನೆ. ಗ್ರಂಥಾಲಯದ ಕರೆಸಂಖ್ಯೆಗೆ ಮೀಸಲಾದ ಆ ಖಾನೆಯನ್ನು ಉಲ್ಲೇಖ ಶೈಲಿಗಳು ಸಾಮಾನ್ಯವಾಗಿ ಮುದ್ರಿಸುವುದಿಲ್ಲ. ‘ಎಕ್ಸ್‌ಟ್ರಾ’ ಎಂಬ ಖಾನೆಯನ್ನು ಬಳಸುವವರು ಬಹಳ ಮಂದಿ ಇದ್ದಾರೆ, ಆದರೆ ಅಲ್ಲಿ ಬರೆದದ್ದನ್ನು ಕೆಲವು ಶೈಲಿಗಳು ಗ್ರಂಥಸೂಚಿಗೆ ಎಳೆದುಕೊಳ್ಳುತ್ತವೆ. ಲಕ್ಕುಂಡಿಯ ಬ್ರಹ್ಮಜಿನಾಲಯದಲ್ಲಿರುವ ಅತ್ತಿಮಬ್ಬೆಯ ಶಾಸನವನ್ನೇ ತೆಗೆದುಕೊಳ್ಳಿ. ಅದರ ಕಾಲ ಶಕ 929, ಅಂದರೆ ಕ್ರಿ.ಶ. 1007-08. ಖಾನೆಯಲ್ಲಿ ‘1007’ ಎಂದು ಮಾತ್ರ ಬರೆಯಿರಿ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಆ ದಾಖಲೆಯ ಟಿಪ್ಪಣಿಯಲ್ಲಿ ಶಾಸನದಲ್ಲಿರುವಂತೆಯೇ ಇಡಿ. ಶಕವರ್ಷಕ್ಕೆ 78 ಕೂಡಿಸಿದರೆ ಸಿಗುವುದು ವರ್ಷದ ಆರಂಭ. ಮಾಘ, ಫಾಲ್ಗುಣದ ತಿಥಿಗಳು ಮುಂದಿನ ಕ್ರಿಸ್ತವರ್ಷಕ್ಕೆ ಬೀಳುತ್ತವೆ. ಜೋಡಣೆಯ ಕಾಲಂಗಾಗಿ ಎಲ್ಲ ಶಾಸನಗಳಿಗೂ 78 ಕೂಡಿಸಿ ಬಂದ ವರ್ಷವನ್ನೇ ಹಾಕಿ, ಖಚಿತ ದಿನಾಂಕದ ಚರ್ಚೆಯನ್ನು ಟಿಪ್ಪಣಿಗೆ ಬಿಡಿ. ಕೆಲವಕ್ಕೆ 78, ಕೆಲವಕ್ಕೆ 79 ಎಂದು ಮನಬಂದಂತೆ ಕೂಡಿಸಿದರೆ ಒಂದೇ ಶಕವರ್ಷದ ಶಾಸನಗಳು ಪಟ್ಟಿಯಲ್ಲಿ ಚದುರಿಹೋಗುತ್ತವೆ. ಸಾವಿರಕ್ಕಿಂತ ಹಿಂದಿನ ವರ್ಷಗಳಿಗೆ ಮುಂದೊಂದು ಸೊನ್ನೆ ಸೇರಿಸಿ ನಾಲ್ಕಂಕಿ ಮಾಡಿ: 0973. ಕಾಲ ನಮೂದಾಗದ ಶಾಸನಗಳಿಗೆ ಲಿಪಿಯ ಆಧಾರದ ಅಂದಾಜು ವರ್ಷ ಬರೆದು, ಪಕ್ಕದಲ್ಲಿ ‘ಅಂದಾಜು’ ಎಂದು ಸೇರಿಸಿ. ಆ ಪದ ಕಾಲಂನಲ್ಲಿ ಕಣ್ಣಿಗೆ ಬೀಳುತ್ತಿರಲಿ. ಅಂದಾಜು ವರ್ಷ ಬರೆಯುತ್ತ ಬರೆಯುತ್ತ ಖಚಿತ ವರ್ಷವಾಗಿಬಿಡುವ ಅಪಾಯ ನಮ್ಮ ಕ್ಷೇತ್ರದಲ್ಲಿ ಸಣ್ಣದಲ್ಲ.

ಈಗ ಪಟ್ಟಿಯ ತಲೆಸಾಲಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಹೆಚ್ಚಿನ ಕಾಲಂಗಳ ಸಾಲಿನಿಂದ ‘ಕಾಲ್ ನಂಬರ್’ ಅನ್ನು ತೆರೆಯಿರಿ, ಎಳೆದು ಎಡತುದಿಗೆ ತನ್ನಿ, ಅದರ ತಲೆಯ ಮೇಲೆ ಒತ್ತಿ. ಶಾಸನಗಳು ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಅದೇ ಮೆನುವಿನ ‘ಸೆಕೆಂಡರಿ ಸಾರ್ಟ್’ನಲ್ಲಿ ಶೀರ್ಷಿಕೆಯನ್ನು ಆರಿಸಿದರೆ ಒಂದೇ ವರ್ಷದವು ಊರಿನ ಅಕಾರಾದಿಯಲ್ಲಿ ಕೂರುತ್ತವೆ. ಹುಡುಕುವ ಹೊತ್ತಿಗೆ ಕಾಲ, ಶೀರ್ಷಿಕೆ, ಪುಸ್ತಕ, ಟಿಪ್ಪಣಿಗಳ ಸಂಖ್ಯೆ ಈ ನಾಲ್ಕು ಕಾಲಂ ಸಾಕು. ಟಿಪ್ಪಣಿಯ ಕಾಲಂ ಖಾಲಿ ಇರುವ ಶಾಸನ ನೀವಿನ್ನೂ ಓದಬೇಕಾದದ್ದು ಎಂದು ನೋಟಕ್ಕೇ ತಿಳಿಯುತ್ತದೆ.

ಸಂಪುಟದ ಪಿಡಿಎಫ್ ಅನ್ನು ಪ್ರತಿ ಶಾಸನದ ಕೆಳಗೂ ನಕಲು ಮಾಡಿ ಇಡಬೇಡಿ, ಲ್ಯಾಪ್‌ಟಾಪ್ ತುಂಬಿಹೋಗುತ್ತದೆ. ಸಂಪುಟ ಒಂದೇ ಕಡೆ ಇರಲಿ. ಶಾಸನದ ದಾಖಲೆಯ ‘ರಿಲೇಟೆಡ್’ ವಿಭಾಗದಲ್ಲಿ ಸಂಪುಟವನ್ನು ಜೋಡಿಸಿ. ವಿವರ ಫಲಕದ ಅಂಚಿನಲ್ಲಿರುವ ಗುರುತುಗಳಲ್ಲಿ ‘ರಿಲೇಟೆಡ್’ನ ಮೇಲೆ ಬಲಗುಂಡಿ ಒತ್ತಿ ಪಿನ್ ಮಾಡಿಕೊಂಡರೆ, ಯಾವ ಶಾಸನವನ್ನು ಆರಿಸಿದರೂ ಆ ವಿಭಾಗವೇ ಮೇಲೆ ಕಾಣುತ್ತದೆ.

ಸಂಗ್ರಹಗಳನ್ನು ಊರಿನ ಪ್ರಕಾರ ಮಾಡಿ: ಲಕ್ಕುಂಡಿ, ಗದಗ, ಡಂಬಳ, ಮುಳಗುಂದ, ಸೂಡಿ, ಲಕ್ಷ್ಮೇಶ್ವರ. ಗದಗ ಮತ್ತು ಹಾವೇರಿ ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ, ಹಳೆಯ ಸಂಪುಟಗಳ ಜಿಲ್ಲೆ, ತಾಲೂಕುಗಳು ಇಂದಿನವಲ್ಲ. ಸಂಗ್ರಹಕ್ಕೆ ಇಂದಿನ ಹೆಸರು ಕೊಡಿ, ಸಂಪುಟದಲ್ಲಿ ಹೇಗಿದೆಯೋ ಅದನ್ನು ಟಿಪ್ಪಣಿಯಲ್ಲಿ ಇಡಿ. ಒಂದು ಶಾಸನ ಎರಡು ಊರಿನ ದಾನವನ್ನು ಹೇಳಿದರೆ ಎರಡೂ ಸಂಗ್ರಹಕ್ಕೆ ಎಳೆದು ಬಿಡಿ, ಪ್ರತಿ ಎರಡಾಗುವುದಿಲ್ಲ. ವಿಂಡೋಸ್‌ನಲ್ಲಿ ಅದನ್ನು ಆರಿಸಿ ಕಂಟ್ರೋಲ್ ಕೀಲಿ ಒತ್ತಿ ಹಿಡಿದರೆ ಅದು ಯಾವ ಯಾವ ಸಂಗ್ರಹದಲ್ಲಿದೆ ಎಂದು ಎಡಫಲಕದಲ್ಲಿ ಬಣ್ಣ ಮೂಡುತ್ತದೆ.

ರಾಜವಂಶಗಳಿಗೆ ಟ್ಯಾಗ್ ಇರಲಿ. ಒಂಬತ್ತು ಟ್ಯಾಗ್‌ಗಳಿಗೆ ಬಣ್ಣ ಕೊಡಬಹುದು, ಕೊಟ್ಟ ಮೇಲೆ 1ರಿಂದ 9ರವರೆಗಿನ ಕೀಲಿ ಒತ್ತಿದರೆ ಆ ಟ್ಯಾಗ್ ಅಂಟಿಕೊಳ್ಳುತ್ತದೆ, ಬಣ್ಣದ ಗುರುತು ಶೀರ್ಷಿಕೆಯ ಪಕ್ಕದಲ್ಲೇ ಕಾಣುತ್ತದೆ. ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಕಳಚುರಿ, ಹೊಯ್ಸಳ, ಸೇವುಣ ಎಂದು ಐದು ಬಣ್ಣ ಕೊಟ್ಟು ಕಾಲಾನುಕ್ರಮದ ಪಟ್ಟಿಯನ್ನು ಮೇಲಿನಿಂದ ಕೆಳಗೆ ಉರುಳಿಸಿ ನೋಡಿ. ಹನ್ನೆರಡನೇ ಶತಮಾನದ ಉತ್ತರಾರ್ಧದಲ್ಲಿ ಬಣ್ಣಗಳು ಬೆರೆಯುವ ಜಾಗ ತಾನೇ ಎದ್ದು ಕಾಣುತ್ತದೆ. ಈ ಸೀಮೆಯ ಅಧಿಕಾರ ಕೈಬದಲಾದ ಕಾಲ ಅದು. ನಿಮ್ಮ ಒಂದು ಅಧ್ಯಾಯ ಅಲ್ಲಿಂದಲೇ ಹೊರಡಬಹುದು.

ಉಳಿದ ಬಣ್ಣಗಳಲ್ಲಿ ಒಂದನ್ನು ‘ಪಠ್ಯವಿಲ್ಲ’ ಎಂಬ ಟ್ಯಾಗ್‌ಗೆ ಕೊಡಿ. ಬರೀ ಚಿತ್ರವಾಗಿ ಸ್ಕ್ಯಾನ್ ಆದ ಪುಸ್ತಕಗಳು, ಯುನಿಕೋಡ್ ಅಲ್ಲದ ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳು ಇವುಗಳೊಳಗೆ ಕನ್ನಡ ಪದ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ನಕಲು ಮಾಡಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಹುಡುಕಾಟದಲ್ಲಿ ಬಾರದ್ದನ್ನು ‘ಇಲ್ಲ’ ಎಂದುಕೊಂಡು ಪ್ರಬಂಧದಲ್ಲಿ ಬರೆದುಬಿಟ್ಟರೆ ದೊಡ್ಡ ಪ್ರಮಾದವಾಗುತ್ತದೆ. ಆ ಬಣ್ಣದ ಪುಸ್ತಕಗಳನ್ನು ಕಣ್ಣಿನಿಂದಲೇ ಓದಬೇಕೆಂಬ ಎಚ್ಚರ ಇರಲಿ.

ಓದುವ ಪರದೆಗೆ ಬರೋಣ. ಪಿಡಿಎಫ್ ತೆರೆದ ಮೇಲೆ ‘ವ್ಯೂ’ ಮೆನುವಿನಲ್ಲಿ ಪುಟವನ್ನು ಅಡ್ಡಲಾಗಿ ಅಥವಾ ಉದ್ದಕ್ಕೆ ಸೀಳುವ ಆಯ್ಕೆ ಬರುತ್ತದೆ. ಅಡ್ಡಲಾಗಿ ಸೀಳಿ, ಮೇಲಿನ ಭಾಗದಲ್ಲಿ ಶಾಸನದ ಪಾಠ, ಕೆಳಗಿನ ಭಾಗದಲ್ಲಿ ಸಂಪುಟದ ಕೊನೆಯ ಸೂಚಿ ಇಟ್ಟುಕೊಳ್ಳಿ. ಎರಡೂ ಬೇರೆ ಬೇರೆಯಾಗಿ ಉರುಳುತ್ತವೆ. ಎಡಪಟ್ಟಿಯನ್ನು ಮುಚ್ಚಿ, ಬಲಪಟ್ಟಿಯಲ್ಲಿ ಟಿಪ್ಪಣಿ ತೆರೆಯಿರಿ. ಸ್ಕ್ಯಾನ್ ಪುಟದಲ್ಲಿ ಪದಗಳಿಗೆ ಬಣ್ಣ ಹಚ್ಚಲು ಆಗುವುದಿಲ್ಲ. ಅದಕ್ಕೆ ಚೌಕಟ್ಟು ಎಳೆಯುವ ಉಪಕರಣ ಬಳಸಿ. ಬೇಕಾದ ಸಾಲುಗಳ ಸುತ್ತ ಚೌಕ ಎಳೆದು ಅದನ್ನು ಟಿಪ್ಪಣಿಗೆ ತಂದರೆ ಆ ಭಾಗ ಚಿತ್ರವಾಗಿಯೇ ಬರುತ್ತದೆ, ಪುಟದ ಕೊಂಡಿ ಜೊತೆಗಿರುತ್ತದೆ. ಅದರ ಕೆಳಗೆ ನಿಮ್ಮ ಪಾಠವನ್ನು ಬರೆದುಕೊಳ್ಳಿ. ಅಳಿಸಿದ ಅಕ್ಷರವನ್ನು ಸಂಪಾದಕರು ಹೇಗೆ ಊಹಿಸಿದ್ದಾರೆ ಎಂಬುದೂ ಕಣ್ಣೆದುರೇ ಇರುತ್ತದೆ.

ಚೌಕ ಎಳೆಯುವ ಮೊದಲು ಇನ್ನೊಂದು ಕೆಲಸ ಮಾಡಿಕೊಳ್ಳಿ. ಸ್ಕ್ಯಾನ್ ಕಡತದ ಪುಟಸಂಖ್ಯೆಗೂ ಅಚ್ಚಾದ ಪುಟಸಂಖ್ಯೆಗೂ ತಾಳೆಯಾಗುವುದಿಲ್ಲ, ಮುನ್ನುಡಿಯ ಪುಟಗಳೂ ಲೆಕ್ಕಕ್ಕೆ ಸೇರಿರುತ್ತವೆ. ಒಂದು ಗುರುತು ಮಾಡಿ, ಅದರ ಮೂರು ಚುಕ್ಕಿಯ ಮೆನುವಿನಿಂದ ಪುಟಸಂಖ್ಯೆಯನ್ನು ತಿದ್ದಿ, ಎಲ್ಲ ಪುಟಗಳಿಗೂ ಅನ್ವಯಿಸುವಂತೆ ಹೇಳಿದರೆ ಮುಂದಿನ ಟಿಪ್ಪಣಿಗಳೆಲ್ಲ ಅಚ್ಚಿನ ಪುಟವನ್ನೇ ತೋರಿಸುತ್ತವೆ. ಇದನ್ನು ಬಿಟ್ಟರೆ ಪ್ರಬಂಧದ ಅಡಿಟಿಪ್ಪಣಿಗಳನ್ನು ಕೊನೆಗೆ ಒಂದೊಂದಾಗಿ ಪರಿಶೀಲಿಸಬೇಕಾಗುತ್ತದೆ.

ಇಂಗ್ಲಿಷ್, ಕನ್ನಡ ಶೀರ್ಷಿಕೆಗಳು ಬೆರೆತಿದ್ದರೆ ಅಕಾರಾದಿಯಲ್ಲಿ ಇಂಗ್ಲಿಷ್ ಮೇಲೆ, ಕನ್ನಡ ಕೆಳಗೆ ಹೋಗುತ್ತವೆ. ಭಾಷೆಯ ಖಾನೆಯಲ್ಲಿ ಪ್ರತಿ ದಾಖಲೆಗೂ ಭಾಷೆಯ ಸಂಕೇತ ತುಂಬಿಟ್ಟರೆ, ಕನ್ನಡದವನ್ನು ಮಾತ್ರ ತೋರಿಸುವ ಒಂದು ಹುಡುಕಾಟವನ್ನು ಎಡಫಲಕದಲ್ಲಿ ಉಳಿಸಿಕೊಳ್ಳಬಹುದು.

ಕೊನೆಯದಾಗಿ, ಸಿಂಕ್ ಮಾಡಿದಾಗ ನಿಮ್ಮ ದಾಖಲೆಗಳು, ಟಿಪ್ಪಣಿಗಳು, ಟ್ಯಾಗ್‌ಗಳು ಇನ್ನೊಂದು ಕಂಪ್ಯೂಟರಿಗೆ ಹೋಗುತ್ತವೆ. ಕಾಲಂಗಳ ಜೋಡಣೆ, ಫಲಕಗಳ ಅಗಲ ಹೋಗುವುದಿಲ್ಲ, ಅವು ಆಯಾ ಯಂತ್ರದಲ್ಲೇ ಉಳಿಯುತ್ತವೆ. ವಿಭಾಗದ ಕಂಪ್ಯೂಟರಿನಲ್ಲಿಯೂ ಕೆಲಸ ಮಾಡುವುದಾದರೆ ಅಲ್ಲಿ ಹೊಸದಾಗಿ ಹೊಂದಿಸಿಕೊಳ್ಳಬೇಕು. ಉಚಿತವಾಗಿ ಕಡತಗಳಿಗೆ ಸಿಗುವ ಜಾಗ 300 ಎಂಬಿ ಮಾತ್ರ, ಶಾಸನ ಸಂಪುಟಗಳ ಸ್ಕ್ಯಾನ್‌ಗಳು ಬೇಗ ಅದನ್ನು ತುಂಬಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಕಡತಗಳ ಸಿಂಕ್ ನಿಲ್ಲಿಸಿ, ದಾಖಲೆಗಳ ಸಿಂಕ್ ಮಾತ್ರ ಇಟ್ಟುಕೊಳ್ಳಿ, ಅದಕ್ಕೆ ಮಿತಿಯಿಲ್ಲ. ಜಾಗ ಸಾಲದೆಂದು ಜೊಟೆರೊದ ದತ್ತಾಂಶ ಫೋಲ್ಡರನ್ನೇ ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಒಳಗೆ ಸರಿಸಬೇಡಿ, ದತ್ತಾಂಶವೇ ಕೆಡಬಹುದು. ವಾರಕ್ಕೊಮ್ಮೆ ತಂತ್ರಾಂಶವನ್ನು ಮುಚ್ಚಿ, ಆ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಫೋಲ್ಡರ್ ಎಲ್ಲಿದೆ ಎಂಬುದು ಸೆಟ್ಟಿಂಗ್ಸ್‌ನ ‘ಅಡ್ವಾನ್ಸ್‌ಡ್’ ವಿಭಾಗದಲ್ಲಿ ಸಿಗುತ್ತದೆ.